ಗಣೇಶನ ಮದುವೆ, ಗೌರಿ ಗಣೇಶ: ಈಗ ಹಾಕಿದರೆ ಮನೆಮಂದಿ ನಗುತ್ತಾರಾ?

ಫಣಿ ರಾಮಚಂದ್ರ ನಿರ್ದೇಶನದ 'ಗಣೇಶನ ಮದುವೆ' (1990) ಇವತ್ತಿಗೂ ಸೋಲುವುದಿಲ್ಲ. ಒಂದು ವಠಾರ, ಓನರ್ ಆಗಿ ಮುಖ್ಯಮಂತ್ರಿ ಚಂದ್ರು, ಸದಾ ಕಿತ್ತಾಡುವ ಗಣೇಶ ಮತ್ತು ಆದಿಲಕ್ಷ್ಮಿ. ಅನಂತ್ ನಾಗ್ ಅವರ ಗಣೇಶ, ಶ್ರುತಿ ಎಂಬ ಗಾಯಕಿಯ ದನಿಗೆ ಸೋತು ಪತ್ರ ಬರೆಯುತ್ತಾನೆ. ಆ ಶ್ರುತಿ ಬೇರೆ ಯಾರೂ ಅಲ್ಲ, ವಿನಯಾ ಪ್ರಸಾದ್ ಅವರ ಆದಿಲಕ್ಷ್ಮಿಯೇ. ಇದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಹಾಗಾಗಿ ಒಂದೊಂದು ಜಗಳವೂ ಎರಡು ಸಲ ನಗಿಸುತ್ತದೆ: ಮಾತಿಗೊಮ್ಮೆ, ಆ ಮಾತು ಆಡುತ್ತಿರುವುದು ಯಾರಿಗೆ ಅನ್ನುವುದಕ್ಕೊಮ್ಮೆ. ಸುಳ್ಳು ಹೆಸರಿನ ಅಕೌಂಟುಗಳ ಜೊತೆ ಹರಟುವ ಈಗಿನ ಹುಡುಗರಿಗೆ ಈ ಎಳೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

'ಗೌರಿ ಗಣೇಶ' (1991) ಅಷ್ಟು ಸಲೀಸಲ್ಲ. ಗೌರಿ ಎಂಬ ಸತ್ತ ಹೆಣ್ಣುಮಗಳ ಡೈರಿ ಇಟ್ಟುಕೊಂಡು, ಅವಳ ಮಗುವಿನ ಅಪ್ಪ ನೀವೇ ಎಂದು ಮೂವರು ಗಂಡಸರಿಂದ ಅನಂತ್ ನಾಗ್ ಅವರ ಲಂಬೋದರ ದುಡ್ಡು ಕೀಳುತ್ತಾನೆ. ಡಿಎನ್‌ಎ ಟೆಸ್ಟ್ ಅಂದರೇನು ಅಂತ ಗೊತ್ತಿರುವ ಕಾಲದಲ್ಲಿ ಈ ಕಥೆ ನಿಲ್ಲುವುದು ಕಷ್ಟ. ಆದರೂ ಚಿತ್ರ ನಗುವುದು ಆ ಗಂಡಸರ ಪುಕ್ಕಲುತನಕ್ಕೆ, ಗೌರಿಗಲ್ಲ. ಅದಕ್ಕೇ ಇದನ್ನು ಕೈಬಿಡಲು ಮನಸ್ಸಾಗುವುದಿಲ್ಲ. ಆ ಕಾಲದ ಎಷ್ಟೋ ಕಾಮಿಡಿಗಳಿಗೆ ಇಷ್ಟು ತಾಳಿಕೆ ಇಲ್ಲ. ದಪ್ಪಗಿರುವವರು, ಕಪ್ಪಗಿರುವವರು, ತೊದಲುವವರು, ಹೆಂಡತಿಗೆ ಬೀಳುವ ಕಪಾಳಮೋಕ್ಷ, ಇವನ್ನೇ ನಂಬಿದ ದೃಶ್ಯ ಬಂದಾಗ ಈಗ ಮನೆಯಲ್ಲಿ ಯಾರೂ ನಗುವುದಿಲ್ಲ. ನಗದಿರುವುದೇ ಸರಿ.

ಎಷ್ಟೋ ಸಲ ಮಜಾ ಕೆಡುವುದು ಚಿತ್ರದಿಂದಲ್ಲ, ಪ್ರತಿಯಿಂದ. ಹಳೇ ಟಿವಿ ಅಥವಾ ವಿಸಿಡಿ ಪ್ರತಿಗಳು 4:3 ಅಳತೆಯವು, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಅವನ್ನು ಈಗಿನ ಅಗಲ ಟಿವಿಯ 16:9ಕ್ಕೆ ಎಳೆದರೆ ಮುಖಗಳು ಮೂರನೇ ಒಂದು ಪಾಲು ಅಗಲವಾಗುತ್ತವೆ. ಎಳೆಯದೆ ಕತ್ತರಿಸಿದರೆ ಎತ್ತರದಲ್ಲಿ ಕಾಲು ಭಾಗವೇ ಹೋಗುತ್ತದೆ. ವಠಾರದ ಕಾಮಿಡಿಗೆ ಇದು ದೊಡ್ಡ ಪೆಟ್ಟು, ಯಾಕೆಂದರೆ ಒಬ್ಬರು ಮಾತಾಡುವಾಗ ಹಿಂದೆ ನಿಂತವರ ಮುಖದಲ್ಲೇ ಅರ್ಧ ನಗು ಇರುತ್ತದೆ. ಎಳೆದ ಪ್ರತಿಯಾದರೆ ರಿಮೋಟಿನ ಪಿಕ್ಚರ್ ಸೈಜನ್ನು 4:3 ಮಾಡಿದರೆ ಸಾಕು, ಸರಿಹೋಗುತ್ತದೆ. ತಲೆ ಕತ್ತರಿಸಿದ್ದಕ್ಕೆ ಮದ್ದಿಲ್ಲ, ಬೇರೆ ಪ್ರತಿ ಹುಡುಕಿ. ಚಲನೆಯನ್ನು ಕೃತಕವಾಗಿ ನುಣುಪು ಮಾಡುವ ಟಿವಿಯ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಧ್ವನಿ ಮೋನೊ, ಅಂದರೆ ಒಂದೇ ಚಾನೆಲ್ಲಿನದು, ಆಗಿರುವುದರಿಂದ ಸರೌಂಡ್ ಹಾಕಿದರೆ ಪಟಪಟನೆ ಆಡುವ ಮಾತು ಗುಂಯ್‌ಗುಡುತ್ತದೆ. ಸ್ಪೀಚ್ ಮೋಡ್ ಇದ್ದರೆ ಅದನ್ನೇ ಹಾಕಿ.

ಎರಡು ಮೂರು ಅಪ್‌ಲೋಡ್ ಸಿಕ್ಕರೆ ಅವಧಿ ಹೋಲಿಸಿ ನೋಡಿ. ಆಡಿಯೋ ಹಕ್ಕು ಬೇರೆ ಕಂಪನಿಯ ಕೈಯಲ್ಲಿದ್ದಾಗ ಹಾಡುಗಳನ್ನು ಕತ್ತರಿಸಿ ಹಾಕುವುದುಂಟು. 'ಗಣೇಶನ ಮದುವೆ'ಯಲ್ಲಿ ಹಾಡು ಹೋದರೆ ಕಥೆಯೇ ಕುಂಟುತ್ತದೆ, ಗಣೇಶ ಸೋತದ್ದು ದನಿಗೆ ತಾನೆ? ಉದ್ದ ಹೆಚ್ಚಿರುವ ಪ್ರತಿಯನ್ನೇ ಆರಿಸಿ.

ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಇವೆರಡಕ್ಕಿಂತ ಮೊದಲು ವಿಷ್ಣುವರ್ಧನ್, ದ್ವಾರಕೀಶ್ ಅವರ 'ಗುರು ಶಿಷ್ಯರು' (1981) ಹಾಕಿ. ಪೆದ್ದ ಶಿಷ್ಯರ ಫಜೀತಿ ಮಕ್ಕಳಿಗೆ ನೇರವಾಗಿ ತಲುಪುತ್ತದೆ. 'ಗೌರಿ ಗಣೇಶ' ಮಾತ್ರ ಹೈಸ್ಕೂಲ್ ದಾಟಿದವರ ಜೊತೆಗಿರಲಿ. ಡೈರಿಯ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ, ಮಧ್ಯದಲ್ಲಿ ಪಾಜ್ ಒತ್ತಿ ಉತ್ತರಿಸುವ ತಾಳ್ಮೆ ದೊಡ್ಡವರಿಗಿರಬೇಕು.