ಕೇಸಿನ ಮೇಲಿನ ಅಕ್ಷರ ನಂಬಿ ಹಳೇ ರೇಸ್ ಎಂಜಿನ್ ಸ್ಟಾರ್ಟ್ ಮಾಡಬೇಡಿ

ಯಾರೋ ಮನೆಯಲ್ಲೇ ಕಟ್ಟಿದ ಹಳೇ ರೇಸ್ ಎಂಜಿನ್ ಕೈಗೆ ಸಿಕ್ಕಿದ್ದರೆ, ಪೆಟ್ರೋಲ್ ಹಾಕುವ ಮೊದಲು ಇದನ್ನು ಓದಿ. ಒಂದು ಸಿಂಗಲ್ ಸಿಲಿಂಡರ್ ಎಂಜಿನ್ ಹಾಳಾದದ್ದು ಹೀಗೆ: ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಕೆಳಭಾಗದ ಲೋಹದ ಪೆಟ್ಟಿಗೆ, ಮುಂದೆ ಬರೀ ಕೇಸ್) ಮೇಲೆ ಜೆಎಪಿ ಎಂಬ ಬ್ರಿಟಿಷ್ ಎಂಜಿನ್ ಕಂಪನಿಯ ಅಕ್ಷರಗಳಿದ್ದವು. "ರಸ್ತೆ ಬೈಕಿನ 500 ಸಿಸಿ, ಪೆಟ್ರೋಲಿಗೇ ಓಡುತ್ತೆ" ಎಂದು ಮಾರಿದವರ ಮಾತು. ಕೇಸಿನ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಒಳಗಿದ್ದದ್ದು ಮೆಥನಾಲ್‌ಗೆ (ರೇಸಿನಲ್ಲಿ ಬಳಸುವ ಆಲ್ಕೋಹಾಲ್ ಇಂಧನ) ಹೊಂದಿಸಿದ, ಮೇಲ್ಭಾಗ ಉಬ್ಬಿಸಿ ಎತ್ತರ ಮಾಡಿದ ಪಿಸ್ಟನ್. ಲೋಡ್ ಬಿದ್ದ ಸ್ವಲ್ಪ ಹೊತ್ತಿಗೇ ನಾಕಿಂಗ್ (ಇಂಧನ ಹತೋಟಿ ತಪ್ಪಿ ಸಿಡಿಯುವುದು) ಶುರುವಾಗಿ ಪಿಸ್ಟನ್ ತೂತಾಯಿತು, ಕರಗಿದ ಅಲ್ಯೂಮಿನಿಯಂ ಕೆಳಗಿಳಿದು ಕನೆಕ್ಟಿಂಗ್ ರಾಡ್‌ನ ಕೆಳತುದಿಯ ಬಿಗ್ ಎಂಡ್ ಬೇರಿಂಗೂ ಹೋಯಿತು.

ಇಂಥ ಎಂಜಿನ್‌ಗಳಲ್ಲಿ ಕೇಸ್ ಒಬ್ಬರದು, ಬ್ಯಾರಲ್ (ಸಿಲಿಂಡರ್) ಇನ್ನೊಬ್ಬರದು, ಫ್ಲೈವೀಲ್ ಮತ್ತೆಲ್ಲಿಯದೋ ಇರುತ್ತದೆ. ಕೇಸಿನ ನಂಬರ್ ಕೇಸಿನ ಗುರುತು ಹೇಳುತ್ತದೆ, ಅಷ್ಟೇ. ನಂಬಬೇಕಾದ್ದು ಅಳತೆಯನ್ನು.

ಬೋರ್ (ಸಿಲಿಂಡರಿನ ಒಳ ಅಗಲ) ಅಳೆಯುವುದು ರಿಂಗ್ ಓಡಾಡದ ಜಾಗದಲ್ಲಿ, ಬ್ಯಾರಲಿನ ತೀರಾ ಕೆಳಗೆ. 81 ಮಿಮೀ ಬಂದರೆ ಅದು 40 ಥೌ (ಇಂಚಿನ ಸಾವಿರದ 40 ಭಾಗ, ಸುಮಾರು 1 ಮಿಮೀ) ಓವರ್‌ಸೈಜ್ ಕೊರೆದ 80 ಇರಬಹುದು. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಅಳೆಯಲು ಪ್ಲಗ್ ತೂತಿನಿಂದ ಕಡ್ಡಿ ಬಿಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ತೂತು 25 ಡಿಗ್ರಿ ವಾಲಿದ್ದರೆ 90 ಮಿಮೀ ಸ್ಟ್ರೋಕ್ ಕಡ್ಡಿಯ ಮೇಲೆ 99 ಎಂದು ಬರುತ್ತದೆ! 80 × 99 (ಬೋರ್ × ಸ್ಟ್ರೋಕ್) ಅಂದರೆ ಜೆಎಪಿ 500ರ ಸ್ಪೀಡ್‌ವೇ (ಮಣ್ಣಿನ ಟ್ರ್ಯಾಕ್ ರೇಸ್) ಎಂಜಿನ್ನಿನ ಅಳತೆ. 90 ಅಂದರೆ ವಿನ್ಸೆಂಟ್ ಬೈಕಿನದು (84 × 90). ಬಿಎಸ್‌ಎ ಬೈಕಿನ ಗೋಲ್ಡ್ ಸ್ಟಾರ್ 500 ಆದರೆ 85 × 88. ಹೆಡ್ ಬಿಚ್ಚಿ, ಡೆಪ್ತ್ ಗೇಜ್ ನೆಟ್ಟಗೆ ಇಟ್ಟು ಅಳೆಯಿರಿ. ಯಾವ ಪಟ್ಟಿಗೂ ಹೊಂದದ ಜೋಡಿ ಬಂದರೆ ಗಾಬರಿ ಬೇಡ, ಕಟ್ಟಿದವರು ಬೆರೆಸಿದ್ದಾರೆ ಅಂತಲೇ ಅರ್ಥ.

ಆ ಪಿಸ್ಟನ್ ಉಳಿಸಬಹುದಾಗಿದ್ದ ಪರೀಕ್ಷೆ ಬೇರೆಯೇ ಇದೆ. ಪಿಸ್ಟನ್ ಮೇಲ್ತುದಿಯಲ್ಲಿ, ಎರಡೂ ವಾಲ್ವ್ ಮುಚ್ಚಿರಲಿ. ಪ್ಲಗ್ ತೂತು ಎಲ್ಲಕ್ಕಿಂತ ಮೇಲೆ ಬರುವಂತೆ ಎಂಜಿನ್ ವಾಲಿಸಿ, ಬ್ಯುರೆಟ್‌ನಿಂದ (ಅಳತೆ ಗೆರೆಯಿರುವ ಗಾಜಿನ ನಳಿಕೆ) ತೆಳು ಎಣ್ಣೆಯನ್ನು ಪ್ಲಗ್ ಥ್ರೆಡ್ಡಿನ ಕೆಳ ಅಂಚಿನವರೆಗೆ ತುಂಬಿ. ಗಾಳಿ ಗುಳ್ಳೆ ಉಳಿದರೆ ಲೆಕ್ಕ ಕೆಡುತ್ತದೆ, ಸ್ವಲ್ಪ ಅಲುಗಾಡಿಸಿ. 500 ಸಿಸಿಗೆ 71 ಸಿಸಿ ಎಣ್ಣೆ ಹಿಡಿದರೆ ಕಂಪ್ರೆಷನ್ (ಗಾಳಿ-ಇಂಧನ ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) ಸುಮಾರು 8:1. 38 ಸಿಸಿಗೇ ತುಂಬಿದರೆ 14:1, ಅದನ್ನು ಪೆಟ್ರೋಲಿಗೆ ಓಡಿಸುವ ಮಾತೇ ಇಲ್ಲ.

ಕಾರ್ಬುರೇಟರಿನ ಜೆಟ್ (ಇಂಧನ ಹರಿಯುವ ಸಣ್ಣ ತೂತು) ನೋಡಿದರೂ ಸುಳಿವು ಸಿಗುತ್ತದೆ. ಮೆಥನಾಲ್‌ಗೆ ಗಾಳಿ-ಇಂಧನದ ಅನುಪಾತ 6.4:1, ಪೆಟ್ರೋಲಿಗೆ 14.7:1, ಹಾಗಾಗಿ ಎರಡು ಪಟ್ಟಿಗೂ ಹೆಚ್ಚು ಇಂಧನ ಹರಿಯಬೇಕು, ಜೆಟ್ ದೊಡ್ಡದೇ ಇರುತ್ತದೆ. ಹಾಳಾದ ಎಂಜಿನ್‌ನಲ್ಲಿ ಮಾರುವ ಮುಂಚೆಯೇ ಕಾರ್ಬುರೇಟರ್ ಬದಲಾಗಿತ್ತು, ಬ್ಲಾಸ್ಟಿಂಗ್ (ಸಣ್ಣ ಮಣಿಗಳನ್ನು ಗಾಳಿಯ ರಭಸಕ್ಕೆ ಹೊಡೆದು ಉಜ್ಜುವುದು) ಮಾಡಿ ಕೇಸ್ ಬೆಳ್ಳಗೂ ಆಗಿತ್ತು. ಬ್ಲಾಸ್ಟಿಂಗ್ ನನಗೆ ಅತಿ ಸಿಟ್ಟು ತರಿಸುವ ಕೆಲಸ: ಕೈಯಿಂದ ಪಂಚ್ ಮಾಡಿದ ಗುರುತುಗಳು ಮಾಸುತ್ತವೆ, ಮಣಿಗಳು ಎಣ್ಣೆ ದಾರಿಯಲ್ಲಿ ಕೂತು ಬೇರಿಂಗ್ ತಿನ್ನುತ್ತವೆ, ಒಳಗಿನ ಅಂಟೂ ಹೋಗಿಬಿಡುತ್ತದೆ. ಆ ಅಂಟಿಗೆ ಬೆಲೆ ಇದೆ. ಪೆಟ್ರೋಲಿಗೆ ಬಿಡದ ಕಂದು ಅಂಟು ಸ್ಪಿರಿಟ್‌ಗೆ (ಆಲ್ಕೋಹಾಲ್) ಮೆತ್ತಗಾದರೆ ಅದು ಬಹುಪಾಲು ರೇಸ್ ಎಂಜಿನ್‌ಗೆ ಹಾಕುವ ಹರಳೆಣ್ಣೆ, ಅಂದರೆ ಎಂಜಿನ್ ರೇಸ್ ಓಡಿದೆ.

ಎಣ್ಣೆ ವಾಪಸ್ ಎಳೆಯುವ ಪಂಪ್ ಇದೆಯಾ ಅಂತಲೂ ಹುಡುಕಿ. ಸ್ಪೀಡ್‌ವೇ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಹೋದ ಎಣ್ಣೆ ಹೋಯಿತು. ಟ್ಯಾಂಕಿಗೆ ಹಿಂದಿರುಗುತ್ತದೆ ಎಂದು ಕಾಯುತ್ತಾ ಕೂತರೆ ಟ್ಯಾಂಕ್ ಖಾಲಿಯಾಗಿ ಎಂಜಿನ್ ಸೀಜ್ ಆಗುತ್ತದೆ.

ಬೋಲ್ಟ್ ಬಿಚ್ಚಿದ್ದರೆ ಅದೇ ತೂತಿಗೆ ಅದೇ ಬೋಲ್ಟ್. 5/16 ಇಂಚು ಎಂದರೆ 7.94 ಮಿಮೀ, ಎಂ8 (8 ಮಿಮೀ) ಬೋಲ್ಟ್ ಒಂದೆರಡು ಸುತ್ತು ಹಿಡಿದಂತೆ ಅನ್ನಿಸುತ್ತದೆ. ಆದರೆ 5/16ರಲ್ಲೇ ಹಳೇ ಬ್ರಿಟಿಷ್ ಥ್ರೆಡ್‌ಗಳು ಬೇರೆ ಬೇರೆ: ವಿಟ್‌ವರ್ತ್‌ಗೆ ಇಂಚಿಗೆ 18 ಥ್ರೆಡ್, ಬಿಎಸ್‌ಎಫ್‌ಗೆ 22, ಸೈಕಲ್ ಥ್ರೆಡ್‌ಗೆ 26. ಪಿಚ್ ಗೇಜ್ (ಥ್ರೆಡ್ ಅಳೆಯುವ ಹಲ್ಲಿನ ಪಟ್ಟಿ) ಇಟ್ಟು ನೋಡದೆ ಬಿಗಿ ಮಾಡಿದರೆ ಕೇಸಿನ ಥ್ರೆಡ್ ಕಿತ್ತು ಬರುತ್ತದೆ.

ಕೇಸ್ ಎತ್ತಿದಾಗ ಗಾತ್ರಕ್ಕೆ ತೀರಾ ಹಗುರ ಅನ್ನಿಸಿದರೆ, ಮರೆಯಾದ ಕಡೆ ಸ್ವಲ್ಪ ಕೆರೆದು ಒಂದು ಹನಿ ವಿನೆಗರ್ ಬಿಡಿ. ನೊರೆ ಎದ್ದರೆ ಅದು ಮೆಗ್ನೀಸಿಯಂ. ಅದರ ಪುಡಿ ಬೆಂಕಿ ಹಿಡಿಯುತ್ತದೆ, ನೀರು ಹಾಕಿದರೆ ಇನ್ನೂ ಜೋರಾಗುತ್ತದೆ. ಅಂಥ ಕೇಸನ್ನು ಗ್ರೈಂಡಿಂಗ್‌ಗೋ ವೆಲ್ಡಿಂಗ್‌ಗೋ ಕೊಡುವಾಗ ಮೆಗ್ನೀಸಿಯಂ ಎಂದು ಬಾಯಿಬಿಟ್ಟು ಹೇಳಿಯೇ ಕೊಡಿ.