ನಿಮ್ಮ ಹಾಡನ್ನು ಬೇರೆಯವರ ಅಕೌಂಟಿನಲ್ಲಿ ಹಾಕಿಸಬೇಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಸ್ವಂತ ಹಾಡು ಮಾಡಿ ಬಿಡುತ್ತಿರುವ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ. ಆಡಿಯೋ ಕಂಪನಿಯ ಹಂಗಿಲ್ಲದೆ ಹಾಡು ಹೊರತರುವುದು ಈಗ ಸಾಧ್ಯ, ಅದು ಒಳ್ಳೆಯದೇ. ಆದರೆ ಕಂಪನಿ ಬೇಡ ಅಂತ ಹೊರಟವರನ್ನೇ ಹುಡುಕಿಕೊಂಡು ಬರುವವರಿದ್ದಾರೆ. "ಎಲ್ಲಾ ಆ್ಯಪ್‌ನಲ್ಲೂ ನಾವೇ ಹಾಕಿಕೊಡ್ತೀವಿ, ಪ್ರಮೋಷನ್ನೂ ನಾವೇ ನೋಡ್ಕೋತೀವಿ, ನೀವು ಹಾಡ್ತಾ ಇರಿ ಸಾಕು" ಅನ್ನುತ್ತಾರೆ. ಅಂಥವರಿಂದ ನಮ್ಮ ತಂಡಕ್ಕೆ ಏನಾಯಿತು ಅನ್ನುವುದನ್ನು ಪೂರ್ತಿ ಹೇಳುತ್ತೇನೆ. ಅವರ ಹೆಸರು ಬರೆಯುತ್ತಿಲ್ಲ. ಒಂದು ಹೆಸರು ಕೆಟ್ಟರೆ ಇನ್ನೊಂದು ಹೆಸರಿನಲ್ಲಿ ಬರುತ್ತಾರೆ, ಅವರ ವರಸೆ ಗೊತ್ತಾಗುವುದು ಮುಖ್ಯ.

ನಮ್ಮದು ಮೂವರ ತಂಡ. ಸಾಹಿತ್ಯ ಚಿಕ್ಕಮ್ಮನದು, ಸಾಗರದ ಹತ್ತಿರದ ಶಾಲೆಯಲ್ಲಿ ಟೀಚರ್ ಆಗಿ ನಿವೃತ್ತರಾದವರು. ರಾಗ ಹಾಕಿದ್ದು ನಾನು. ಹಾಡಿದ್ದು ಹೊಸನಗರದ ಕಡೆಯ ಕಾಲೇಜು ಹುಡುಗಿ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮನೆ, ತೋಟ ಮುಳುಗಿ ಊರು ಬಿಟ್ಟವರ ಬಗ್ಗೆ ಚಿಕ್ಕಮ್ಮ ಬರೆದ ಪದ ಅದು, ಅವರ ತವರಿನವರೂ ಹಾಗೆ ಬಿಟ್ಟು ಬಂದವರೇ. ಕೈಯಿಂದ ದುಡ್ಡು ಹಾಕಿ ಶಿವಮೊಗ್ಗದ ಒಂದು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿದೆವು. ತುಣುಕೊಂದನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಮೇಲೆ ಫೋನ್ ಬಂತು.

ಫೋನ್ ಮಾಡಿದವನು ಬಹಳ ಚೆನ್ನಾಗಿ ಮಾತಾಡಿದ. ಹಾಡಿನ ಸಾಲುಗಳನ್ನೇ ಹೇಳಿ ಹೊಗಳಿದ. ಒಂದು ಪ್ಯಾಕೇಜಿಗೆ ಇಷ್ಟು ಅಂತ ದುಡ್ಡು. ಅದರಲ್ಲಿ ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್, ಕಾಲರ್ ಟ್ಯೂನ್ ಎಲ್ಲ ಬರುತ್ತದೆ, ದೊಡ್ಡ ಪ್ಲೇಲಿಸ್ಟ್‌ಗಳಲ್ಲಿ ಜಾಗ ಸಿಗುತ್ತದೆ, ಐವತ್ತು ಸಾವಿರ ಸ್ಟ್ರೀಮ್, ಅಂದರೆ ಅಷ್ಟು ಸಲ ಹಾಡು ಕೇಳಿಸುವುದು, ಗ್ಯಾರಂಟಿ ಅಂದ. ಇಂಗ್ಲಿಷಿನಲ್ಲಿದ್ದ ಕಾಗದವನ್ನು ವಾಟ್ಸಾಪ್‌ಗೆ ಕಳಿಸಿ, "ಇದು ಬರೀ ಫಾರ್ಮಾಲಿಟಿ ಬ್ರೋ, ಸೈನ್ ಮಾಡಿ ಫೋಟೋ ಹಾಕಿ, ನಾಳೆನೇ ಲೈವ್" ಅಂತ ಅವಸರ ಮಾಡಿದ. ಆ "ಗ್ಯಾರಂಟಿ" ಅನ್ನುವ ಮಾತು ಯಾರ ಬಾಯಿಂದ ಬಂದರೂ ಅಲ್ಲಿಗೇ ಫೋನ್ ಇಟ್ಟುಬಿಡಿ. ಸ್ಪಾಟಿಫೈನ ಸ್ವಂತ ಸಂಪಾದಕರು ನಡೆಸುವ ಪ್ಲೇಲಿಸ್ಟ್‌ಗಳಲ್ಲಿ ದುಡ್ಡಿಗೆ ಜಾಗ ಸಿಗುವುದಿಲ್ಲ. ಹಾಡು ಬಿಡುಗಡೆಯಾಗುವ ಕನಿಷ್ಠ 7 ದಿನ ಮುಂಚೆ, ಕಲಾವಿದರು ತಮ್ಮ ಪ್ರೊಫೈಲ್ ನೋಡಿಕೊಳ್ಳುವ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ಕಲಾವಿದರೇ ಅವರಿಗೆ ಹಾಡನ್ನು ಕಳಿಸಬಹುದು, ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ದುಡ್ಡು ಕೊಟ್ಟು, ಕಾಗದಕ್ಕೆ ಸಹಿ ಹಾಕಿ ಕಳಿಸಿದ ಮೇಲೆ ಹಾಡು ಬಂತು. ಮೊದಲ ಪೆಟ್ಟು ಚಿಕ್ಕಮ್ಮನಿಗೆ ಬಿತ್ತು. ಕ್ರೆಡಿಟ್ಸ್ ತೆರೆದು ನೋಡಿ, "ನನ್ನ ಹೆಸರೇ ಇಲ್ವಲ್ಲೋ ಮಾರಾಯ ಇದ್ರಲ್ಲಿ" ಅಂದರು. ಸಾಹಿತ್ಯ, ಸಂಗೀತ ಎರಡೂ ಕಡೆ ಆ ಸಂಸ್ಥೆಯ ಹೆಸರೇ ಇತ್ತು. ಕೇಳಿದರೆ "ಅಪ್‌ಡೇಟ್ ಆಗುತ್ತೆ" ಅಂತ ಉತ್ತರ, ಕೊನೆಗೂ ಆಗಲಿಲ್ಲ. ತನ್ನ ಪದಕ್ಕೆ ತನ್ನ ಹೆಸರಿಲ್ಲದಿರುವುದು ಬರೆದವರಿಗೆ ಎಷ್ಟು ನೋವು ಅನ್ನುವುದು ಒಂದು ಕಡೆಯಾದರೆ, ಸಾಹಿತ್ಯ ಮತ್ತು ಸಂಗೀತಕ್ಕೆ ಸಿಗಬೇಕಾದ ರಾಯಲ್ಟಿ (ಹಾಡು ಬಳಕೆಯಾದಂತೆ ಸಲ್ಲುವ ಹಣ) ಈ ಹೆಸರುಗಳನ್ನು ಹಿಡಿದೇ ಹೋಗುತ್ತದೆ ಅನ್ನುವುದು ಇನ್ನೊಂದು ಕಡೆ.

ಹಾಡುಗಾರ್ತಿಯ ಸ್ಪಾಟಿಫೈ ಪ್ರೊಫೈಲ್ ಮಾತ್ರ ನಮ್ಮ ಕೈಯಲ್ಲಿತ್ತು, ಹಾಗಾಗಿ ಲೆಕ್ಕ ಕಾಣುತ್ತಿತ್ತು. ರಾತ್ರಿ ಕಳೆದು ಬೆಳಗಾಗುವುದರೊಳಗೆ ಸ್ಟ್ರೀಮ್ ಸಾವಿರಗಟ್ಟಲೆ ಏರುತ್ತಿತ್ತು. ಮನೆಯವರೆಲ್ಲ ಖುಷಿಯಲ್ಲಿದ್ದರು. ಆದರೆ ಯಾವ ಊರಿನವರು ಕೇಳಿದ್ದಾರೆ ಅನ್ನುವ ಪಟ್ಟಿ ತೆರೆದರೆ ಮೇಲೆ ಹೆಲ್ಸಿಂಕಿ, ಅದರ ಕೆಳಗೆ ಫ್ರಾಂಕ್‌ಫರ್ಟ್, ಬೆಂಗಳೂರು ಎಷ್ಟೋ ಕೆಳಗೆ, ಶಿವಮೊಗ್ಗ ಇಲ್ಲವೇ ಇಲ್ಲ. ಸ್ಟ್ರೀಮ್ ಸಾವಿರಾರು, ಕೇಳುಗರು ಬೆರಳೆಣಿಕೆ. ಹಾಡನ್ನು ಸೇವ್ ಮಾಡಿಕೊಂಡವರು ಇಲ್ಲವೆಂದೇ ಹೇಳಬೇಕು. ಫಾಲೋವರ್ಸ್ ಇದ್ದಷ್ಟೇ. ಅಷ್ಟೂ ಸ್ಟ್ರೀಮ್ ಬಂದಿದ್ದು ಹಿಂದೆ ಮುಂದೆ ಗೊತ್ತಿಲ್ಲದ ಒಂದೇ ಪ್ಲೇಲಿಸ್ಟ್‌ನಿಂದ. ಇಂಥ ಲೆಕ್ಕ ಕಂಡರೆ ಅದು ಜನ ಕೇಳಿದ್ದಲ್ಲ, ಯಂತ್ರ ಓಡಿಸಿದ್ದು. ಬಾಟ್ ಸ್ಟ್ರೀಮ್ ಅನ್ನುತ್ತಾರೆ.

ಆಮೇಲೆ ಒಂದು ದಿನ ಹಾಡೇ ಮಾಯ. ಸ್ಪಾಟಿಫೈ ಕೃತಕ ಸ್ಟ್ರೀಮ್‌ಗೆ ರಾಯಲ್ಟಿ ಕೊಡುವುದಿಲ್ಲ, ಲೆಕ್ಕದಿಂದಲೂ ಕಿತ್ತುಹಾಕುತ್ತದೆ. 2024ರಿಂದ ಒಂದು ಹಾಡಿನಲ್ಲಿ ಇದು ಮಿತಿ ಮೀರಿ ಕಂಡರೆ ಅದನ್ನು ಆ್ಯಪ್‌ಗಳಿಗೆ ತಲುಪಿಸಿದ ಮಧ್ಯವರ್ತಿ ಸಂಸ್ಥೆಗೆ, ಅಂದರೆ ಡಿಸ್ಟ್ರಿಬ್ಯೂಟರ್‌ಗೆ ದಂಡವನ್ನೂ ಹಾಕುತ್ತಿದೆ. ದಂಡ ಬಿದ್ದರೆ ಡಿಸ್ಟ್ರಿಬ್ಯೂಟರ್ ಹಾಡನ್ನೇ ತೆಗೆದುಹಾಕುವುದುಂಟು. ಬಾಟ್ ಓಡಿಸಿದವರು ಯಾರೇ ಇರಲಿ, ಕಳಂಕ ಹತ್ತುವುದು ಹಾಡಿಗೆ, ಹಾಡಿದವರ ಪ್ರೊಫೈಲಿಗೆ. ಇನ್ನೊಂದು ವಿಷಯ: 2024ರಿಂದಲೇ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗದ ಹಾಡಿಗೆ ಸ್ಪಾಟಿಫೈನಲ್ಲಿ ರೆಕಾರ್ಡಿಂಗ್ ರಾಯಲ್ಟಿ ಇಲ್ಲ. ಈ ಏಜೆಂಟರು ಅದನ್ನೇ ತೋರಿಸಿ ಹೆದರಿಸುತ್ತಾರೆ, "ಸಾವಿರ ದಾಟಿಸಿಕೊಡ್ತೀವಿ" ಅಂತ. ಬಾಟ್‌ನಿಂದ ದಾಟಿದ ಸಾವಿರ ಲೆಕ್ಕಕ್ಕೇ ಬರುವುದಿಲ್ಲ. ನಾವು ಫೋನ್ ಮಾಡಿದಾಗ ಅವನು ಹೇಳಿದ್ದು, "ಟೆಕ್ನಿಕಲ್ ಇಶ್ಯೂ ಬ್ರೋ, ಮತ್ತೆ ಹಾಕೋಕೆ ಚಾರ್ಜ್ ಆಗುತ್ತೆ."

ಇಷ್ಟಕ್ಕೇ ನಿಂತಿದ್ದರೆ ದುಡ್ಡು ಹೋಯಿತು ಅಂತ ಸುಮ್ಮನಿರುತ್ತಿದ್ದೆವೇನೋ. ಸಾಗರದಲ್ಲಿ ಒಂದು ಕಾರ್ಯಕ್ರಮದಲ್ಲಿ ಅದೇ ಹಾಡನ್ನು ಹಾಡಿದ್ದೆವು. ವೇದಿಕೆಯ ಆ ವಿಡಿಯೋವನ್ನು ನಮ್ಮದೇ ಯೂಟ್ಯೂಬ್ ಚಾನೆಲ್‌ಗೆ ಹಾಕಿದ ಸ್ವಲ್ಪ ಹೊತ್ತಿಗೆ ಕಾಪಿರೈಟ್ ಕ್ಲೇಮ್ ಬಂತು. ನಮ್ಮ ಹುಡುಗಿಯ ದನಿ, ನನ್ನ ರಾಗ, ಚಿಕ್ಕಮ್ಮನ ಪದ, ಹಕ್ಕುದಾರರು ಮಾತ್ರ ಅವರು! ಯೂಟ್ಯೂಬ್‌ನ ಕಂಟೆಂಟ್ ಐಡಿ (ಯಾವ ವಿಡಿಯೋದಲ್ಲಿ ಯಾರ ಹಾಡಿದೆ ಅಂತ ತಾನೇ ಪತ್ತೆ ಮಾಡುವ) ವ್ಯವಸ್ಥೆಗೆ ಹಾಡನ್ನು ತಮ್ಮ ಹೆಸರಿನಲ್ಲಿ ಸೇರಿಸಿಬಿಟ್ಟಿದ್ದರು. ಒಮ್ಮೆ ಹಾಗೆ ಸೇರಿದರೆ ಯಾರು ಎಲ್ಲಿ ಆ ಹಾಡು ಬಳಸಿದರೂ ಜಾಹೀರಾತಿನ ದುಡ್ಡನ್ನು ಅವರು ತಮ್ಮ ಕಡೆ ತಿರುಗಿಸಿಕೊಳ್ಳಬಹುದು. ನಿಮಗೆ ಹೀಗಾದರೆ ಕೂಡಲೇ ಡಿಸ್ಪ್ಯೂಟ್ (ತಕರಾರು) ಹಾಕಿ. ಕ್ಲೇಮ್ ಬಂದ 5 ದಿನದೊಳಗೆ ಹಾಕಿದರೆ ಕ್ಲೇಮ್ ಆದ ದಿನದಿಂದ ಬರುವ ದುಡ್ಡನ್ನು ತೀರ್ಮಾನ ಆಗುವವರೆಗೆ ಯೂಟ್ಯೂಬ್ ಬೇರೆ ಇಟ್ಟಿರುತ್ತದೆ. ಉತ್ತರ ಕೊಡಲು ಎದುರಿನವರಿಗೆ 30 ದಿನ ಇರುತ್ತದೆ, ಸುಮ್ಮನಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ.

ಶಿವಮೊಗ್ಗದ ವಕೀಲರೊಬ್ಬರು ಪರಿಚಯದ ಮೇಲೆ ಆ ಕಾಗದ ಓದಿ ಬಿಡಿಸಿ ಹೇಳಿದರು. "ಹಾಡಿನ ಸಮಸ್ತ ಹಕ್ಕು, ಜಗತ್ತಿನಾದ್ಯಂತ, ಶಾಶ್ವತವಾಗಿ" ಅಂತ ಬರೆದುಕೊಂಡಿದ್ದರು. ನಮ್ಮ ಕಡೆಯವರಿಗೆ ಬೇಗ ಅರ್ಥವಾಗುವ ಹಾಗೆ ಹೇಳುತ್ತೇನೆ. ಅಡಿಕೆ ತೋಟ ಚೇಣಿಗೆ ಕೊಟ್ಟರೆ ಚೇಣಿದಾರ ಆ ವರ್ಷದ ಫಸಲು ಇಳಿಸಿಕೊಂಡು ಹೋಗುತ್ತಾನೆ, ಪಹಣಿಯಲ್ಲಿ ಹೆಸರು ನಮ್ಮದೇ ಇರುತ್ತದೆ. ಹಾಡಿನ ವಿಷಯದಲ್ಲಿ ಲೈಸೆನ್ಸ್ ಅಂದರೆ ಚೇಣಿ. ಅಸೈನ್‌ಮೆಂಟ್ ಅಂದರೆ ಪಹಣಿಯನ್ನೇ ಬರೆದುಕೊಟ್ಟ ಹಾಗೆ. ಹಾಡು ಅಪ್‌ಲೋಡ್ ಮಾಡಿಕೊಡುವ ಕೆಲಸಕ್ಕೆ ಅಸೈನ್‌ಮೆಂಟ್ ಕೇಳುವವನು ಬಂದಿರುವುದೇ ತೋಟಕ್ಕೆ.

ಆದರೂ ಕಾನೂನು ನಮ್ಮನ್ನು ಪೂರ್ತಿ ಕೈಬಿಟ್ಟಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ ಸಾಹಿತ್ಯ ಬರೆದವರು, ಸಂಗೀತ ಸಂಯೋಜಿಸಿದವರು ಹಕ್ಕು ಬರೆದುಕೊಟ್ಟರೂ, ಬರೆಸಿಕೊಂಡವರ ಜೊತೆ ಸಮಪಾಲು ರಾಯಲ್ಟಿ ಪಡೆಯುವ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ರಾಯಲ್ಟಿ ವಸೂಲಿ ಮಾಡಿ ಹಂಚುವ ಕಾಪಿರೈಟ್ ಸೊಸೈಟಿಗೆ ಮಾತ್ರ ವಹಿಸಬಹುದು. ಇದಕ್ಕೆ ವಿರುದ್ಧವಾಗಿ ಏನೇ ಬರೆಸಿಕೊಂಡರೂ ಅದು ಅಸಿಂಧು, ಇದು 18ನೇ ಸೆಕ್ಷನ್. 19ನೇ ಸೆಕ್ಷನ್ ಪ್ರಕಾರ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು, ಯಾವ ಕೃತಿ, ಯಾವ ಹಕ್ಕು, ಎಷ್ಟು ರಾಯಲ್ಟಿ ಎಲ್ಲ ನಮೂದಾಗಿರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಅಂತ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. ನಮ್ಮ ಕಾಗದದಲ್ಲಿ ರಾಯಲ್ಟಿಯ ಮಾತೇ ಇರಲಿಲ್ಲ, ಚಿಕ್ಕಮ್ಮನ ಸಹಿಯೂ ಇರಲಿಲ್ಲ. ಸಾಹಿತ್ಯದ ಹಕ್ಕು ಅವರದ್ದು, ಅದನ್ನು ಬೇರೆ ಯಾರೂ ಬರೆದುಕೊಡಲು ಆಗುವುದಿಲ್ಲ. ಇದನ್ನೇ ಹಿಡಿದು ನೋಟಿಸ್ ಕೊಟ್ಟ ಮೇಲೆ ಯೂಟ್ಯೂಬ್ ಕ್ಲೇಮ್ ಹಿಂದಕ್ಕೆ ತೆಗೆದರು. ಕೊಟ್ಟ ದುಡ್ಡು ಬರಲಿಲ್ಲ. ಈಗ ಫೋನೂ ಎತ್ತುವುದಿಲ್ಲ.

ಈಗ ಅದೇ ಹಾಡನ್ನು ನಮ್ಮ ಹೆಸರಿನಲ್ಲಿ, ನಮ್ಮ ಇಮೇಲ್, ನಮ್ಮ ಪ್ಯಾನ್, ನಮ್ಮ ಬ್ಯಾಂಕ್ ಖಾತೆ ಕೊಟ್ಟು ನಾವೇ ಹಾಕಿದ್ದೇವೆ. ಒಂದು ಸಂಜೆಯ ಕೆಲಸ. ಡಿಸ್ಟ್ರೋಕಿಡ್ ಅನ್ನುವ ಡಿಸ್ಟ್ರಿಬ್ಯೂಟರ್ ವರ್ಷಕ್ಕೆ ಇಷ್ಟು ಅಂತ ಶುಲ್ಕ ತೆಗೆದುಕೊಂಡು ಸ್ಟ್ರೀಮಿಂಗ್ ರಾಯಲ್ಟಿಯನ್ನು ಕಲಾವಿದರಿಗೇ ಬಿಡುತ್ತದೆ. ಅಂಥದ್ದೇ ಇನ್ನೊಂದಾದ ಸಿಡಿ ಬೇಬಿ ಬಿಡುಗಡೆಗೆ ಒಮ್ಮೆ ಶುಲ್ಕ ಪಡೆದು ರಾಯಲ್ಟಿಯಲ್ಲಿ ಶೇ. 9 ಹಿಡಿದುಕೊಳ್ಳುತ್ತದೆ. ಯಾವುದನ್ನು ಆರಿಸಿದರೂ ಲಾಗಿನ್ ನಿಮ್ಮ ಕೈಯಲ್ಲಿರಲಿ. ನಮಗೆ ಇನ್ನೂ ಉಳಿದಿರುವ ಸಂಕಟ ಅಂದರೆ ಐಎಸ್‌ಆರ್‌ಸಿ, ಪ್ರತಿ ರೆಕಾರ್ಡಿಂಗ್‌ಗೂ ಇರುವ 12 ಅಕ್ಷರ-ಅಂಕಿಗಳ ಗುರುತು. ಹಿಂದಿನ ಲೆಕ್ಕ ಮುಂದುವರಿಯಲು ಬೇಕಾದ ಹಳೆಯ ಗುರುತನ್ನು ಅವರು ಕೊಡಲೇ ಇಲ್ಲ, ಹಾಗಾಗಿ ನಿಜವಾಗಿ ಕೇಳಿದ್ದ ನಮ್ಮೂರಿನ ಜನರ ಲೆಕ್ಕವೂ ಹೋಯಿತು, ಸೊನ್ನೆಯಿಂದ ಶುರು. ಬೇರೆಯವರ ಕೈಯಲ್ಲಿ ಈಗಾಗಲೇ ಹಾಕಿಸಿದ್ದರೆ ಇವತ್ತೇ ಆ ಗುರುತು ಕೇಳಿ ಬರೆದಿಟ್ಟುಕೊಳ್ಳಿ.

ಸ್ಟುಡಿಯೋ ಬಿಲ್ ಕೂಡ ನಿಮ್ಮ ಹೆಸರಿನಲ್ಲೇ ಇರಬೇಕು. ಧ್ವನಿಮುದ್ರಣದ ಮೊದಲ ಹಕ್ಕು ಅದನ್ನು ಮುಂದೆ ನಿಂತು ಮಾಡಿಸಿದ ನಿರ್ಮಾಪಕರದು, ಅದು ನೀವೇ ಅನ್ನುವುದಕ್ಕೆ ಆ ಬಿಲ್ಲೇ ಸಾಕ್ಷಿ. ಮಾಸ್ಟರ್ ಫೈಲ್ (ಅಂತಿಮ ರೆಕಾರ್ಡಿಂಗ್), ಸ್ಟೆಮ್ಸ್ (ದನಿ, ವಾದ್ಯ ಬೇರೆ ಬೇರೆಯಾಗಿರುವ ಫೈಲ್) ಎಲ್ಲ ಹಾರ್ಡ್ ಡಿಸ್ಕಿಗೆ ಹಾಕಿಸಿಕೊಂಡೇ ಹೊರಗೆ ಬನ್ನಿ. ಯಾರು ಬರೆದದ್ದು, ಯಾರ ರಾಗ, ಬಂದ ದುಡ್ಡಲ್ಲಿ ಯಾರಿಗೆ ಎಷ್ಟು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ, ಮನೆಯವರೇ ಆದರೂ ಸರಿ. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ, ಹಾಡು ಹುಟ್ಟಿದಾಗಲೇ ಹಕ್ಕು ಹುಟ್ಟುತ್ತದೆ. ಬರೆಯುವವರು, ರಾಗ ಹಾಕುವವರು ಐಪಿಆರ್‌ಎಸ್ ಸದಸ್ಯರಾಗಿ. ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಅಂತ 1969ರಿಂದ ಇರುವ ಸಂಸ್ಥೆ ಅದು, ರಾಯಲ್ಟಿ ವಸೂಲಿ ಮಾಡಿ ಹಂಚುವುದೇ ಅದರ ಕೆಲಸ.

ನಮ್ಮ ಕಡೆ ಭಾವಗೀತೆ ಹಾಡುವವರು ಹೆಚ್ಚು, ಅವರಿಗೆ ಪ್ರತ್ಯೇಕವಾಗಿ ಒಂದು ಮಾತು. ಕವಿ ತೀರಿಕೊಂಡ ಮೇಲೆ 60 ವರ್ಷ ಕವಿತೆಯ ಹಕ್ಕು ವಾರಸುದಾರರದು. ಕುವೆಂಪು 1994ರಲ್ಲಿ ತೀರಿಕೊಂಡರು, ಅವರ ಕವಿತೆಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. "ಕುವೆಂಪು ಎಲ್ಲರವರು, ಹಾಕಿ ಪರವಾಗಿಲ್ಲ" ಅಂತ ಏಜೆಂಟ್ ಹೇಳಿದರೆ ನಂಬಬೇಡಿ. ಆಮೇಲೆ ತಕರಾರು ಬರುವುದು ನಿಮ್ಮ ಮೇಲೆ. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದಗಳಿಗೆ ಅಥವಾ ದಾಸರ ಪದಗಳಿಗೆ ಅನುಮತಿ ಬೇಕಿಲ್ಲ. ಆದರೆ ಅದಕ್ಕೆ ಈಚಿನವರು ಹಾಕಿದ ರಾಗಕ್ಕೆ, ಮಾಡಿದ ರೆಕಾರ್ಡಿಂಗ್‌ಗೆ ಬೇರೆ ಹಕ್ಕು ಇರುತ್ತದೆ.

ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿಸಿಕೊಂಡು ನಾಪತ್ತೆಯಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡಿ. ಕಾಲ್, ವಾಟ್ಸಾಪ್ ಮೆಸೇಜ್, ಪಾವತಿಯ ಸ್ಕ್ರೀನ್‌ಶಾಟ್ ಒಂದನ್ನೂ ಅಳಿಸಬೇಡಿ, ನಮ್ಮ ನೋಟಿಸ್ ನಿಂತದ್ದೇ ಅವುಗಳ ಮೇಲೆ. ನೋಟಿಸಿನ ಕರಡು ಯಾರಿಗಾದರೂ ಬೇಕಿದ್ದರೆ ಕೇಳಿ, ಹೆಸರುಗಳನ್ನು ತೆಗೆದು ಕಳಿಸುತ್ತೇನೆ. ನಿಮ್ಮ ಊರಿನ ವಕೀಲರಿಗೆ ತೋರಿಸಿ ತಿದ್ದಿಸಿಕೊಳ್ಳಬಹುದು.