ರಕ್ತಕ್ಕೆ ಇಳಿದ ಕ್ಯಾಂಡಿಡಾ: ಫ್ಲುಕೊನಜೋಲೋ, ಕ್ಯಾಸ್ಪೊಫಂಜಿನ್ನೋ?

ಸುಟ್ಟ ಗಾಯದ ರೋಗಿಗೆ ಚರ್ಮದ ಕಾವಲೇ ಇರುವುದಿಲ್ಲ. ಗಾಯದಿಂದಲೋ, ರಕ್ತನಾಳಕ್ಕೆ ಹಾಕಿದ ನಳಿಕೆ ಅಂದರೆ ಕ್ಯಾತಿಟರ್‌ನಿಂದಲೋ ಕ್ಯಾಂಡಿಡಾ ಶಿಲೀಂಧ್ರ ರಕ್ತಕ್ಕೆ ಇಳಿದುಬಿಡಬಹುದು. ಆಗ ಕೊಡುವ ಶಿಲೀಂಧ್ರ ವಿರೋಧಿ ಔಷಧಿಗಳಲ್ಲಿ ಎರಡು: ಫ್ಲುಕೊನಜೋಲ್, ಕ್ಯಾಸ್ಪೊಫಂಜಿನ್.

ರೋಗಿಯ ಬಿಪಿ ಕುಸಿದಿದ್ದರೆ ನನ್ನ ಮೊದಲ ಆಯ್ಕೆ ಕ್ಯಾಸ್ಪೊಫಂಜಿನ್. ಅದು ಶಿಲೀಂಧ್ರದ ಕೋಶಭಿತ್ತಿಯನ್ನೇ ಕೆಡಿಸಿ ಕೊಲ್ಲುತ್ತದೆ. ಫ್ಲುಕೊನಜೋಲ್ ಬೆಳವಣಿಗೆಯನ್ನು ತಡೆಯುತ್ತದೆ, ಅಷ್ಟೇ. 2009ರಲ್ಲಿ ಮೊದಲು ಗುರುತಿಸಿದ ಕ್ಯಾಂಡಿಡಾ ಆರಿಸ್ ಎಂಬ ಪ್ರಭೇದದ ಮೇಲಂತೂ ಫ್ಲುಕೊನಜೋಲ್ ಹೆಚ್ಚಿನ ಸಲ ಕೆಲಸ ಮಾಡುವುದಿಲ್ಲ.

ಆದರೆ ಕ್ಯಾಸ್ಪೊಫಂಜಿನ್ ಡ್ರಿಪ್‌ನಲ್ಲಿ ಮಾತ್ರ ಕೊಡಬೇಕು. ಕಣ್ಣಿಗೂ ಮೂತ್ರಕ್ಕೂ ಅದು ಸರಿಯಾಗಿ ತಲುಪುವುದಿಲ್ಲ. ಅಲ್ಲಿ ಫ್ಲುಕೊನಜೋಲ್ ಮೇಲು, ಮಾತ್ರೆಯೂ ಇದೆ. ರೋಗಿ ಚೇತರಿಸಿಕೊಂಡು, ಆ ಶಿಲೀಂಧ್ರದ ಮೇಲೆ ಫ್ಲುಕೊನಜೋಲ್ ಕೆಲಸ ಮಾಡುತ್ತದೆ ಎಂದು ಲ್ಯಾಬ್ ವರದಿಯೂ ಹೇಳಿದರೆ ಅದಕ್ಕೆ ಬದಲಾಯಿಸಬಹುದು.

ಯಾವುದನ್ನೇ ಕೊಡಿ, ಸೋಂಕು ತಗುಲಿದ ಕ್ಯಾತಿಟರ್ ಒಳಗೇ ಇದ್ದರೆ ಸುಮ್ನೆ ಔಷಧಿ ಕೊಟ್ಟು ಏನು ಪ್ರಯೋಜನ, ಅಲ್ವಾ? ಬ್ಲಡ್ ಕಲ್ಚರ್ (ರಕ್ತದಲ್ಲಿ ಶಿಲೀಂಧ್ರ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ನೆಗೆಟಿವ್ ಬಂದ ಮೇಲೂ ಕನಿಷ್ಠ 14 ದಿನ ಚಿಕಿತ್ಸೆ ಬೇಕು.